ನಿಂಗಮ್ಮ ಬಿದ್ದ ಜಾಗ

ಹುಳಿಯಾರು
9 ಡಿಸೆಂಬರ್ 2024

ಗೆಳತಿ ಗಿರಿಜಾಂಬಿಕೆಗೆ, ಹೈಸ್ಕೂಲಿನಲ್ಲಿ ನಿನ್ನ ಬೆಂಚಿನ ಅರ್ಧ ಜಾಗಕ್ಕೆ ಜಗಳವಾಡುತ್ತಿದ್ದವಳ ನೆನಪುಗಳು.

ಫೋನ್ ಇರುವಾಗ ಇವಳು ಕಾಗದ ಯಾಕೆ ಬರೆದಳು ಅಂದುಕೊಳ್ಳುತ್ತೀಯ. ಫೋನಿನಲ್ಲಿ ಮಾತು ತೇಲಿಸುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ. “ಕುಕ್ಕರ್ ಕೂಗ್ತೈತೆ ಕಣೇ, ಆಮೇಲ್ ಮಾಡ್ತೀನಿ” ಅನ್ನುತ್ತೀಯ. ಆ ‘ಆಮೇಲೆ’ ಏಳು ತಿಂಗಳಾದರೂ ಬಂದಿಲ್ಲ. ಕಾಗದವಾದರೆ ಕುಕ್ಕರ್ ಇಳಿಸಿ ಬಂದಮೇಲೂ ಅಲ್ಲೇ ಇರುತ್ತದೆ.

ನಿಮ್ಮೂರ ಆಸ್ಪತ್ರೆಯಿಂದ ಹುಳಿಯಾರಿಗೆ ವರ್ಗವಾಗಿ ಬಂದು ಐದು ತಿಂಗಳಾಯಿತು. ಹನ್ನೊಂದು ವರ್ಷ ತೆಂಗಿನ ನೆರಳಲ್ಲಿ ನರ್ಸಮ್ಮ ಅನ್ನಿಸಿಕೊಂಡು ಓಡಾಡಿದವಳಿಗೆ ಇಲ್ಲಿಯ ಬಯಲು ಕಣ್ಣಿಗೆ ಚುಚ್ಚುತ್ತದೆ. ಈ ಚಳಿಗಾಲದಲ್ಲೂ ಮಧ್ಯಾಹ್ನವಾದರೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿಕೊಂಡು ನಿಲ್ಲುತ್ತವೆ.

ವಿಷಯಕ್ಕೆ ಬರುತ್ತೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕು ಸೇರಿ ಬರುವ ಬೇಸಿಗೆಗೆ ಒಂದೇ ಯೋಜನೆ ಮಾಡುವುದೆಂದು ಸಮಿತಿಯಾಗಿದೆ. ನನ್ನನ್ನೂ ಹಾಕಿಕೊಂಡಿದ್ದಾರೆ. ಹೋದ ಬೇಸಿಗೆಯ ಝಳಕ್ಕೆ ಯಾರು ಯಾರು, ಎಲ್ಲೆಲ್ಲಿ ಹೋದರು ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ಎಲ್ಲಿ ನೆರಳು ಬೇಕು, ಎಲ್ಲಿ ನೀರಿಡಬೇಕು, ಯಾವ ಕೆಲಸವನ್ನು ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದೆಲ್ಲ ಆ ಪಟ್ಟಿಯ ಮೇಲೆ ತೀರ್ಮಾನವಾಗುತ್ತದೆ.

ಅದಕ್ಕೆಂದು ಸಾವಿನ ದಾಖಲೆಗಳನ್ನೆಲ್ಲ ತಿರುವುವಾಗ, ನಿಮ್ಮ ಕೊಬ್ಬರಿ ಶೆಡ್ಡಿನಲ್ಲಿ ಕಾಯಿ ಒಡೆಯುತ್ತಿದ್ದ ನಿಂಗಮ್ಮನ ಹೆಸರು ಬಂತು. “ಏಪ್ರಿಲ್ 29, ಮನೆಯಲ್ಲಿ ಸಾವು, ಹೃದಯದ ತೊಂದರೆ” ಎಂದು ನನ್ನದೇ ಕೈಬರಹ. ನೀನು ಹೇಳಿದ್ದನ್ನು ಬರೆದುಕೊಂಡಿದ್ದೆ. ನಾನು ಅವತ್ತು ಅವಳ ಮನೆಗೆ ಹೋದಾಗ ಅವಳ ತಲೆ ಮಗಳು ಆಶಾಳ ತೊಡೆಯ ಮೇಲಿತ್ತು. ಪ್ರಾಣ ಹೋಗಿ ಮುಕ್ಕಾಲು ಗಂಟೆಯಾಗಿದ್ದರೂ ಮೈ ಒಲೆಯಿಂದ ಇಳಿಸಿದ ಪಾತ್ರೆಯ ಹಾಗೆ ಸುಡುತ್ತಿತ್ತು. ಅದನ್ನು ಮಾತ್ರ ನಾನು ಬರೆಯಲಿಲ್ಲ.

ಒಂದೇ ಪ್ರಶ್ನೆ ಗಿರಿಜಾ. ನಿಂಗಮ್ಮ ಬಿದ್ದದ್ದು ಎಲ್ಲಿ?

ನಿನ್ನ
ವನಜಾಕ್ಷಿ

*

ಕಲ್ಲುಬಾವಿಪಾಳ್ಯ, ಹೊನ್ನವಳ್ಳಿ ಹೋಬಳಿ
24 ಡಿಸೆಂಬರ್ 2024

ಹುಳಿಯಾರಿನ ನರ್ಸಮ್ಮನವರ ಸನ್ನಿಧಾನಕ್ಕೆ,

ಕುಕ್ಕರ್ ಇಳಿಸಿಯೇ ಓದಿದೆ. ಅಕ್ಷರ ಇನ್ನೂ ಹಾಗೇ ಇದೆ, ಕೋಳಿ ಕೆದರಿದ ಹಾಗೆ. ನಿನ್ನ ಕಾಗದ ಕೊಡುವಾಗ ಪೋಸ್ಟಿನವನು “ಏನಮ್ಮಾ, ಕೋರ್ಟಿಂದಾ?” ಅಂದ. ಈ ಕಾಲದಲ್ಲಿ ಕೈಯಲ್ಲಿ ಬರೆದ ಕಾಗದ ಬಂದರೆ ಜನ ಹೆದರುತ್ತಾರೆ ಕಣೇ.

ಎಲ್ಲರೂ ಚೆನ್ನಾಗಿದ್ದೇವೆ. ಅಟ್ಟ ತುಂಬಿದೆ. ಹೋದ ಶಿವರಾತ್ರಿಗೆ ಅಟ್ಟಕ್ಕೆ ಹಾಕಿದ ಕಾಯಿ ಈಗ ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನುತ್ತವೆ, ನೀರೆಲ್ಲ ಇಂಗಿ ಒಳಗಿನ ಕೊಬ್ಬರಿ ಉಂಡೆ ಚಿಪ್ಪು ಬಿಟ್ಟಿದೆ. ಅವನ್ನು ಬರುವ ತಿಂಗಳಿಂದ ಒಡೆಯುವುದು, ಈಗ ಅದಕ್ಕಿಂತ ಹಳೆಯ ಕಾಯಿ ಒಡೆಸುತ್ತಿದ್ದೇವೆ. ನಿಂಗಮ್ಮ ಕೂರುತ್ತಿದ್ದ ಜಾಗದಲ್ಲಿ ಈಗ ಆಶಾ ಕೂರುತ್ತಾಳೆ. ಅವ್ವನ ಮಚ್ಚೇ ಹಿಡಿದಿದ್ದಾಳೆ, ಕೈಯ ಹದವೂ ಅವ್ವನದೇ. ಮಚ್ಚಿನ ಬೆನ್ನಿನಿಂದ ಮೂರು ಪೆಟ್ಟು ಹಾಕಿದರೆ ಚಿಪ್ಪು ಬಾಯಿ ಬಿಡುತ್ತದೆ, ಉಂಡೆ ಒಂದು ಗೀರೂ ಇಲ್ಲದೆ ಈಚೆ ಬರುತ್ತದೆ. ಜೊತೆಗೆ ಕೂರುವ ಹೊಂಬಾಳಮ್ಮ “ನಮ್ ನರ್ಸಮ್ಮುಂಗೆ ಹುಳಿಯಾರ್ ನೀರು ಹಿಡೀತಂತಾ?” ಎಂದು ಕೇಳಿದಳು. ಹಿಡಿಯಿತೋ ಇಲ್ಲವೋ ನೀನು ಬರೆದಿಲ್ಲ.

ನಿಂಗಮ್ಮನ ವಿಷಯ ಆಗಲೇ ಹೇಳಿದ್ದೇನೆ. ಸುಸ್ತಾಗುತ್ತದೆ ಅಂದಳು, ಆಟೋ ಕರೆಸಿ ಮನೆಗೆ ಕಳಿಸಿದೆ. ಮನೆ ಸೇರಿದಮೇಲೆ ಹೋದಳು. ಆಶಾ ಇವತ್ತಿಗೂ ಬಂದವರಿಗೆಲ್ಲ “ಅವ್ವ ನನ್ ತೊಡೆ ಮ್ಯಾಲೇ ಉಸ್ರು ಬುಟ್ಳು, ಅಷ್ಟು ಪುಣ್ಯ ನಮ್ಗೆ” ಅನ್ನುತ್ತಾಳೆ. ಆ ಮಗುವಿಗೆ ಉಳಿದಿರುವ ಸಮಾಧಾನ ಅದೊಂದೇ. ನಿನ್ನ ಪಟ್ಟಿಗೋಸ್ಕರ ಅದನ್ನು ಕೆದಕಬೇಡ.

ನಮ್ಮೂರ ಆಟೋ ಗಂಗರಾಜು ತಿಪಟೂರಿಗೆ ಹೊರಟಿದ್ದಾನೆ. ಹುಳಿಯಾರ್ ಬಸ್ಸಿನವನ ಕೈಗೆ ನಿನಗೆ ಹತ್ತು ಉಂಡೆ ಕೊಬ್ಬರಿ ಕೊಡಲು ಹೇಳಿದ್ದೇನೆ. ಹೋಳಿಗೆ ಮಾಡಿದಾಗ ನೆನೆಸಿಕೊ.

ಇಂತಿ, ಬೆಂಚಿನ ಪೂರ್ತಿ ಯಜಮಾನಿ
ಗಿರಿಜಾಂಬಿಕಾ

*

ಬಾಡ್ಮೇರ್ ಸೀಮೆಯ ಒಂದು ಹಳ್ಳಿಯಿಂದ
19 ಜನವರಿ 2025

ಗಿರಿಜಾ,

ಕೊಬ್ಬರಿ ಬಂತು. ಉತ್ತರ ಬರಲಿಲ್ಲ.

ಇದನ್ನು ರಾಜಸ್ಥಾನದಿಂದ ಬರೆಯುತ್ತಿದ್ದೇನೆ. ಒಣ ಸೀಮೆಗಳ ಆರೋಗ್ಯದವರೆಲ್ಲ ಬಂದು ನೋಡಲಿ ಎಂದು ಇಲ್ಲಿಯವರು ಕರೆದಿದ್ದರು. ಮರುಭೂಮಿ ಅಂದರೆ ಸುಡುತ್ತಿರುತ್ತದೆ ಎಂದು ಹತ್ತಿ ಸೀರೆ ಮಾತ್ರ ತುಂಬಿಕೊಂಡು ಬಂದ ನಿನ್ನ ಗೆಳತಿ ಚಳಿಗೆ ಹಲ್ಲು ಕಡಿಯುತ್ತ ಯಾರದೋ ಗಂಡಸರ ಕೋಟು ಹಾಕಿಕೊಂಡು ಕೂತಿದ್ದಾಳೆ. ನಗು ಬಂದರೆ ನಗು.

ಆದರೆ ಮೇ ತಿಂಗಳಲ್ಲಿ ಇಲ್ಲಿ ನಲವತ್ತೆಂಟು ಡಿಗ್ರಿ. ಏಳು ಹಳ್ಳಿಯವರು ಸೇರಿ ಒಪ್ಪಂದ ಮಾಡಿಕೊಂಡಿದ್ದಾರೆ. ಒಂದು ಹಳ್ಳಿಯಲ್ಲಿ ಬಾವಿ ಇದೆ, ಮರವಿಲ್ಲ. ಇನ್ನೊಂದರಲ್ಲಿ ಬೇವಿನ ತೋಪಿದೆ, ನೀರಿಲ್ಲ. ಆಸ್ಪತ್ರೆ ಮೂರನೆಯದರಲ್ಲಿ. ಒಬ್ಬರ ಹತ್ತಿರ ಎಲ್ಲವೂ ಇಲ್ಲ, ಆದ್ದರಿಂದ ಎಲ್ಲರದೂ ಎಲ್ಲರಿಗೆ. ದಾರಿಯಲ್ಲಿ ಯಾರಾದರೂ ಬಿದ್ದರೆ ಹತ್ತಿರದ ಮನೆಗೆ ಎತ್ತಿಕೊಂಡು ಹೋಗಿ ನೀರು ಸುರಿಯಬೇಕು. ಯಾವ ಊರು, ಯಾವ ಜಾತಿ ಎಂದು ಆಮೇಲೂ ಕೇಳುವ ಹಾಗಿಲ್ಲ.

ಪಂಚಾಯಿತಿ ಮನೆಯ ಸುಣ್ಣದ ಗೋಡೆಯ ಮೇಲೆ ಏಳೂ ಹಳ್ಳಿಯ ನಕ್ಷೆ ಬರೆದು ಕೆಮ್ಮಣ್ಣಿನ ಚುಕ್ಕೆ ಇಟ್ಟಿದ್ದಾರೆ. “ಇವೆಲ್ಲ ಜನ ಸತ್ತ ಜಾಗಗಳಾ?” ಎಂದು ಅವರ ಭಾಷೆ ಬಲ್ಲವರೊಬ್ಬರಿಂದ ಕೇಳಿಸಿದೆ. ಅಲ್ಲಿದ್ದ ಒಬ್ಬ ಅಜ್ಜಿ ತಲೆಯಾಡಿಸಿಬಿಟ್ಟಳು. “ಸತ್ತ ಜಾಗ ಕೇಳಿದರೆ ಎಲ್ಲರೂ ಮನೆ ಅಂತಾರೆ. ನಾವು ಬಿದ್ದ ಜಾಗ ಕೇಳುತ್ತೇವೆ” ಅಂದಳು. ನೋಡು, ನಿನ್ನನ್ನು ಕೇಳುವಾಗ ನನಗೆ ಗೊತ್ತಿಲ್ಲದೆಯೇ ನಾನೂ ಅದನ್ನೇ ಕೇಳಿದ್ದೆ.

ಹೊರಡುವಾಗ ಅದೇ ಅಜ್ಜಿ ನನ್ನ ಸೆರಗಿಗೆ ಒಂದು ಉಂಡೆ ಕೊಬ್ಬರಿ ಹಾಕಿದಳು. ಮೊಮ್ಮಗಳ ಮದುವೆಗೆ ತರಿಸಿದ್ದಂತೆ. ಶುಭಕ್ಕೆ ಬಿರುಕಿಲ್ಲದ ಉಂಡೆಯೇ ಬೇಕು, ಅದು ತಿಪಟೂರಿನದೇ ಆಗಬೇಕು ಎಂದಳು. ಊರಿನ ಹೆಸರನ್ನು ಅವಳ ಬಾಯಲ್ಲಿ ಕೇಳಿ ನನಗೆ ಅಳು ಬಂತು. ಅದನ್ನು ಹಿಡಿದಾಗ ಬೇರೆ ಏನೂ ನೆನಪಾಗಲಿಲ್ಲ ಗಿರಿಜಾ, ನಿಂಗಮ್ಮನ ಕೈ ನೆನಪಾಯಿತು.

ವನಜಾ

*

ಕಲ್ಲುಬಾವಿಪಾಳ್ಯ
4 ಫೆಬ್ರವರಿ 2025

ವನಜಾಕ್ಷಿ,

ಮರಳುಗಾಡಿಗೆ ಹೋಗಿ ಬುದ್ಧಿ ತಂದೆಯಾ? ಇದು ತೆಂಗಿನ ಸೀಮೆ. ನಮ್ಮಲ್ಲಿ ನೆರಳಿದೆ, ನೀರಿದೆ, ಬಂದವರಿಗೆ ಮಜ್ಜಿಗೆ ಕೊಡುವ ಮನೆಗಳಿವೆ. ಯಾರದೋ ಗೋಡೆಯ ಚುಕ್ಕೆ ತಂದು ನಮ್ಮ ಹಣೆಗೆ ಇಡಬೇಡ.

ನಲವತ್ತು ವರ್ಷದ ಸ್ನೇಹಕ್ಕೆ ಒಳ್ಳೆ ಮರ್ಯಾದೆ ಮಾಡಿದೆ. ನನ್ನ ಬಾಣಂತನದಲ್ಲಿ ಹಗಲೂ ರಾತ್ರಿ ಕೂತವಳು ನೀನು ಎಂದು ಸುಮ್ಮನಿದ್ದೇನೆ. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ಕಾಗದ ಒಲೆಗೆ ಹೋಗುತ್ತಿತ್ತು. ಬಾಗಿಲು ಮುಚ್ಚಿಕೊಂಡು ಒಡೆಸುವವಳು ನಾನೊಬ್ಬಳೇ ಏನು? ಇಡೀ ಸೀಮೆ ಹಾಗೇ ಒಡೆಸುತ್ತದೆ.

ಇನ್ನು ಈ ವಿಷಯ ಬರೆಯಬೇಡ.

ಗಿರಿಜಾಂಬಿಕಾ

*

ಹುಳಿಯಾರು
26 ಫೆಬ್ರವರಿ 2025

ಗಿರಿಜಾ,

ಬೇಡ ಅಂದೆ. ಆದರೂ ಬರೆಯುತ್ತಿದ್ದೇನೆ, ಬಯ್ಯುವುದಿದ್ದರೆ ಬಯ್ಯಿ.

ನಿನ್ನೆ ತಿಪಟೂರಿನಲ್ಲಿ ಮೂರೂ ತಾಲ್ಲೂಕಿನ ಸಭೆಯಿತ್ತು. ಮೊದಲ ಒಂದು ಗಂಟೆ ಟ್ಯಾಂಕರ್ ಯಾರದು, ಗಡಿ ಯಾರದು ಎಂಬ ಕಿತ್ತಾಟವೇ ಆಯಿತು. ಕೊನೆಗೆ ನಮ್ಮ ಕಡೆಯ ಕುರಿಗಾಹಿ ಬೆಟ್ಟಸ್ವಾಮಿ ಎದ್ದು ನಿಂತ. “ಸ್ವಾಮೀ, ನನ್ ಕುರಿ ಹುಳಿಯಾರಲ್ಲಿ ಹೊಂಟು ತುರುವೇಕೆರೆ ತೋಟದಾಗೆ ಮಂದೆ ಬೀಳ್ತವೆ. ಬಿಸ್ಲು ನಮ್ ಜೊತೇಲೇ ಬತ್ತದೆ. ಗಡಿ ಬಂತು ಅಂತ ಅದೇನ್ ವಾಪಸ್ ಹೋಗಕಿಲ್ಲ” ಅಂದ. ಸಭೆಯೆಲ್ಲ ನಕ್ಕಿತು. ನಕ್ಕಮೇಲೆ ಕೆಲಸ ಸಲೀಸಾಯಿತು. ಕುರಿ ಹೋಗುವ ದಾರಿಯ ತೋಟಗಳವರು ಮಧ್ಯಾಹ್ನ ಗೇಟು ತೆಗೆದಿಡಲು ಒಪ್ಪಿದರು. ಗದ್ದೆ ಹೊಲದ ಕೆಲಸ ಹನ್ನೆರಡರಿಂದ ನಾಲ್ಕರವರೆಗೆ ಬಂದ್. ಮೂರೂ ತಾಲ್ಲೂಕಿನ ಆಸ್ಪತ್ರೆಗಳಲ್ಲಿ ಐಸು, ಒದ್ದೆ ಬಟ್ಟೆ, ಒಂದು ಹಾಸಿಗೆ ಯಾವಾಗಲೂ ತಯಾರಿರಬೇಕು.

ಆಮೇಲೆ ಕೊಬ್ಬರಿ ಶೆಡ್ಡುಗಳ ಮಾತು ಬಂತು. ಬೆಳೆಗಾರರ ಪರವಾಗಿ ಎದ್ದವರು ನಿಮ್ಮ ಯಜಮಾನರು. “ಶೆಡ್ಡಾಗೆ ಯಾರ್ ಸತ್ತವ್ರೆ, ಒಂದ್ ಹೆಸ್ರು ಹೇಳಿ ನೋಡಾಣ. ನಮ್ಮೋರು ನೆಳ್ಳಲ್ಲಿ ಕುಂತು ಕೆಲ್ಸ ಮಾಡ್ತಾರೆ ಕಣ್ರೀ” ಅಂದರು ತೋಂಟದಾರ್ಯರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸುಳ್ಳು ಹೇಳುವವರ ಮುಖವಾಗಿರಲಿಲ್ಲ ಅದು. ಅವರಿಗೆ ಗೊತ್ತಿಲ್ಲ, ಅಲ್ಲವಾ?

ಹೆಸರು ಹೇಳಲು ನನ್ನ ಹತ್ತಿರ ಏನಿತ್ತು? ನಾನೇ ಬರೆದ ದಾಖಲೆಯಲ್ಲಿ ‘ಮನೆ’ ಎಂದಿದೆ. ಶೆಡ್ಡುಗಳನ್ನು ಯೋಜನೆಯಿಂದ ಬಿಟ್ಟಿದ್ದಾರೆ. ಮಾರ್ಚ್ 24ಕ್ಕೆ ಕಡೆಯ ಸಭೆ, ಅದಾದಮೇಲೆ ಅಚ್ಚಿಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ ನಿಮ್ಮ ತಗಡಿನ ಕೆಳಗೆ, ಅವ್ವನ ಜಾಗದಲ್ಲಿ, ಆಶಾ ಕೂತಿರುತ್ತಾಳೆ.

ಇನ್ನೊಂದು ಮಾತು. ನಾನು ನಿನ್ನನ್ನು ಬಾಗಿಲಿನ ವಿಷಯ ಕೇಳಿಯೇ ಇರಲಿಲ್ಲ.

ವನಜಾ

*

ಕಲ್ಲುಬಾವಿಪಾಳ್ಯ
12 ಮಾರ್ಚ್ 2025

ವನಜಾ,

ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಒಡೆಯುವಾಗ ಗಾಳಿಯಾಡಿದರೆ ಉಂಡೆ ಸೀಳುತ್ತದೆ ಎಂದು ನಮ್ಮ ಮಾವನವರು ಹೇಳುತ್ತಿದ್ದರು. ಅವರ ಅಪ್ಪನವರೂ ಹೇಳುತ್ತಿದ್ದರಂತೆ. ಸೀಳಿದ ಉಂಡೆ ಮದುವೆಗೆ ಬರುವುದಿಲ್ಲ, ಅದಕ್ಕೇ ಬಾಗಿಲು ಮುಚ್ಚಿ ಒಡೆಯುವುದು. ಅವರ ಕಾಲದಲ್ಲಿ ಒಂದೂವರೆ ಮೊಳದ ಮಣ್ಣಿನ ಗೋಡೆಯಿತ್ತು, ಮೇಲೆ ಹೆಂಚಿತ್ತು. ನಾವು ಅದನ್ನು ಕೆಡವಿ ತಗಡು ಹಾಕಿದೆವು. ಗೋಡೆ ಬದಲಾಯಿತು, ಸೂರು ಬದಲಾಯಿತು, ಬಾಗಿಲಿನ ಮಾತು ಮಾತ್ರ ಹಾಗೇ ಉಳಿಯಿತು.

ಅವತ್ತು ಇವರು ತಿಪಟೂರು ಮಾರುಕಟ್ಟೆಗೆ ಹೋಗಿದ್ದರು. ಹೊಂಬಾಳಮ್ಮ ಊಟಕ್ಕೆ ಹೋಗಿದ್ದಳು. ನಿಂಗಮ್ಮ ಒಬ್ಬಳೇ ಒಡೆಯುತ್ತಿದ್ದಳು, ನಾನು ಉಂಡೆ ಆರಿಸುತ್ತಿದ್ದೆ. “ಅಮ್ಮಾರೇ, ವಸಿ ಬಾಗ್ಲು ತಗೀಲಾ?” ಅಂದಳು. “ಇನ್ನೊಂದ್ ಇಪ್ಪತ್ ಕಾಯಿ ಅಷ್ಟೇ, ತಡಿಯೇ” ಅಂದು ನಾನು ಗಾಳಿಗೆಂದು ಮನೆಯೊಳಕ್ಕೆ ಹೋದೆ. ನೀರು ಕುಡಿದೆ. ಫ್ಯಾನ್ ಕೆಳಗೆ ಕೂತೆ. ಎಷ್ಟು ಹೊತ್ತು ಕೂತೆ ಎಂದು ಹೇಳಲಾರೆ. ಬಂದು ನೋಡಿದಾಗ ರಾಶಿಯ ಮೇಲೆ ಒರಗಿದ್ದಳು. ಬೆವರಿರಲಿಲ್ಲ, ಮೈ ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತಿತ್ತು. ಉಸಿರಿತ್ತು.

ಆಗ ನನ್ನ ತಲೆಗೆ ಮೊದಲು ಬಂದದ್ದು ನೀರಲ್ಲ ವನಜಾ. ಆ ರಾಶಿ ಮಾರನೆಯ ವಾರ ಮದುವೆಗಳಿಗೆಂದು ರಾಜಸ್ಥಾನಕ್ಕೆ ಹೋಗಬೇಕಿತ್ತು. ಮದುವೆ ಕೊಬ್ಬರಿಯ ನಡುವೆ ಒಬ್ಬಳ ಪ್ರಾಣ ಹೋಯಿತು ಅಂದರೆ ಯಾರು ಮುಟ್ಟುತ್ತಾರೆ, ಅಟ್ಟದ ಹೆಸರು ಏನಾಗುತ್ತದೆ ಅಂತ ಬಂತು. ನಮ್ಮಲ್ಲಿ ಸೂತಕವಿಲ್ಲ ಎಂದು ಹೇಳಿಕೊಂಡು ಬೆಳೆದವಳು ನಾನು. ಅವತ್ತು ಆ ಮಾತು ನನ್ನ ಹತ್ತಿರ ಇರಲಿಲ್ಲ.

ಹೊಂಬಾಳಮ್ಮ ಬಂದಳು. ಇಬ್ಬರೂ ಎತ್ತಿ ಗಂಗರಾಜುವಿನ ಆಟೋಗೆ ಹಾಕಿದೆವು, ನಾನೂ ಹತ್ತಿದೆ. ಆಸ್ಪತ್ರೆ ದಾಟಿಯೇ ಅವಳ ಮನೆಗೆ ಹೋಗಬೇಕು, ನಿನಗೆ ಗೊತ್ತು. “ಆಸ್ಪತ್ರೆಗೆ ತಿರುಗಿಸ್ಲಾ ಅಮ್ಮಾರೇ?” ಅಂದ. ಕಿಟಕಿಯಲ್ಲಿ ನೀನು ಕಾಣುತ್ತಿದ್ದೆ, ಯಾವುದೋ ಮಗುವಿಗೆ ಚುಚ್ಚುಮದ್ದು ಹಾಕುತ್ತಿದ್ದೆ. ತಿರುಗಿಸಿದರೆ ಎಲ್ಲಿ ಬಿದ್ದಳು ಎಂದು ಮೊದಲು ಕೇಳುವವಳು ನೀನು. “ಬ್ಯಾಡ, ಮನೆಗೇ ನಡಿ” ಅಂದೆ.

ಐವತ್ತು ಹೆಜ್ಜೆ ಇತ್ತು ಅಷ್ಟೆ.

ಗಂಗರಾಜುವಿಗೂ ಹೊಂಬಾಳಮ್ಮನಿಗೂ ನಾನೇ ಬಾಯಿ ಕಟ್ಟಿದೆ. ಇವರಿಗೆ ಗೊತ್ತಿಲ್ಲ. ಆಶಾ ದಿನಾ ಬೆಳಿಗ್ಗೆ ಬಂದು “ಕಾಪಿ ಆಯ್ತಾ ಅಮ್ಮಾರೇ?” ಅನ್ನುತ್ತಾಳೆ. ನಾನು ಆಯಿತು ಅನ್ನುತ್ತೇನೆ.

ಗಿರಿಜಾ

*

ಹುಳಿಯಾರು
16 ಮಾರ್ಚ್ 2025

ಗಿರಿಜಾ,

ನಿನ್ನ ಕಾಗದ ಓದಿದೆ. ನಿನ್ನ ಮೇಲೆ ನನಗೆ ಸಿಟ್ಟಿದೆ. ಅದು ಇಳಿಯುತ್ತದೆ ಎಂದು ಸುಳ್ಳು ಹೇಳುವುದಿಲ್ಲ.

ಆದರೆ ನನ್ನದೂ ಕೇಳು. ಅವಳ ಮೈ ಮುಟ್ಟಿದಾಗಲೇ ನನಗೆ ಗೊತ್ತಾಗಿತ್ತು. ಮೂವತ್ತು ವರ್ಷದ ಕೆಲಸ, ಗೊತ್ತಾಗದೆ ಇರುತ್ತದಾ? ನೀನು ಹೇಳಿದೆ ಎಂದು ಬರೆದುಕೊಂಡೆ. ಬೇರೆ ಯಾರಾದರೂ ಹೇಳಿದ್ದರೆ ಮತ್ತೊಂದು ಸಲ ಕೇಳುತ್ತಿದ್ದೆ. ನೀನು ಆಸ್ಪತ್ರೆ ದಾಟಿಸಿದೆ, ನಾನು ಕಾಗದದಲ್ಲಿ ದಾಟಿಸಿದೆ. ನಾನು ಬರೆದದ್ದು ತಪ್ಪು ಎಂದು ಮೇಲಿನವರಿಗೆ ಬರೆದುಕೊಟ್ಟಿದ್ದೇನೆ. ಏನು ಮಾಡುತ್ತಾರೋ ಮಾಡಲಿ.

ನಿನ್ನ ಕಾಗದವನ್ನು ನಾನು ಸಭೆಗೆ ತೋರಿಸುವುದಿಲ್ಲ. ಅದು ನನಗೆ ಬರೆದದ್ದು. 24ಕ್ಕೆ ಬರುವುದು ಬಿಡುವುದು ನಿನಗೆ ಸೇರಿದ್ದು. ಬರುವುದಾದರೆ ಮೊದಲು ಆಶಾಳಿಗೆ ಹೇಳಿ ಬಾ. ನಾಲ್ಕು ಜನರ ಬಾಯಿಂದ ಅವಳ ಕಿವಿಗೆ ಬೀಳಬಾರದು.

ವನಜಾ

*

ಕಲ್ಲುಬಾವಿಪಾಳ್ಯ
6 ಏಪ್ರಿಲ್ 2025

ವನಜಾ,

ಸಭೆಯಲ್ಲಿ ಆದದ್ದನ್ನು ನೀನೇ ನೋಡಿದೆ. ಎಲ್ಲ ಹೇಳಿ, ಆ ಮರಳುಗಾಡಿನವರ ಹಾಗೆ ನೀನು ಬರೆಸಿಟ್ಟಿದ್ದ ನಕ್ಷೆಯ ಮೇಲೆ ನಿಂಗಮ್ಮ ಬಿದ್ದ ಜಾಗಕ್ಕೆ ಕೆಮ್ಮಣ್ಣು ಇಡುವಾಗ ಬೆರಳು ಒತ್ತಿಬಿಟ್ಟೆ, ಚುಕ್ಕೆ ದೊಡ್ಡದಾಗಿ ಅರ್ಧ ಊರೇ ಮುಚ್ಚಿಹೋಯಿತು. ನೀನು ಬಂದು ಪಕ್ಕದಲ್ಲಿ ನಿಂತೆ. ನಿಂತದ್ದು ಸಾಕು. ಶೆಡ್ಡುಗಳನ್ನು ಸೇರಿಸಿದ ಹಾಳೆ ಅಚ್ಚಾಗಿ ಬಂದಿದೆ ಎಂದು ಪಂಚಾಯಿತಿಯವರು ಮೊನ್ನೆ ಒಂದು ಪ್ರತಿ ಕೊಟ್ಟರು. ಅದನ್ನು ಶೆಡ್ಡಿನ ಗೋಡೆಗೆ ಅಂಟಿಸಿದ್ದೇನೆ.

ಇವರು ಅವತ್ತು ಸಭೆಯಿಂದ ಒಬ್ಬರೇ ಬಸ್ಸಿನಲ್ಲಿ ಬಂದರು. ಇವತ್ತಿಗೆ ಹದಿಮೂರು ದಿನ, ಮಾತಿಲ್ಲ. ಯುಗಾದಿಗೆ ಬೇವು ಬೆಲ್ಲ ಕೊಟ್ಟೆ, ಬೇವನ್ನಷ್ಟೇ ಆರಿಸಿ ತಿಂದು ಎದ್ದು ಹೋದರು.

ನೀನು ಕೇಳಿಲ್ಲ, ಆದರೂ ಹೇಳಬೇಕು. ಸಭೆಯ ಹಿಂದಿನ ದಿನ ಆಶಾಳ ಮನೆಗೆ ಹೋದೆ. ಅವತ್ತು ಅವ್ವನನ್ನು ಇಳಿಸಿದ್ದ ಅದೇ ಜಗುಲಿಯ ಮೇಲೆ ಕೂರಿಸಿದಳು, ಮಜ್ಜಿಗೆ ತಂದುಕೊಟ್ಟಳು. ಲೋಟ ಹಿಡಿದುಕೊಂಡೇ ಎಲ್ಲ ಹೇಳಿದೆ. ಕೂಗಾಡುತ್ತಾಳೆ ಅಂದುಕೊಂಡಿದ್ದೆ, ಕೂಗಾಡಿದ್ದರೆ ಚೆನ್ನಾಗಿತ್ತು. ಒಂದೇ ಮಾತು ಕೇಳಿದಳು. “ಆಸ್ಪತ್ರೆ ಮುಂದ್ಲಿಂದ ಹೋಗೋವಾಗ ಅವ್ವುಂಗೆ ಉಸ್ರಿತ್ತಾ?”

ಇತ್ತು ಅಂದೆ.

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಜ್ಜಿಗೆ ಲೋಟ ಜಗುಲಿಯ ಮೇಲಿಟ್ಟು ಬಂದೆ.

ಆಮೇಲೆ ಕೆಲಸಕ್ಕೆ ಬರಲಿಲ್ಲ. ಬರುವುದಿಲ್ಲ ಎಂದೇ ತಿಳಿದಿದ್ದೆ. ನಿನ್ನೆ ಬೆಳಿಗ್ಗೆ ಎಂಟು ಗಂಟೆಗೆ ಅವ್ವನ ಮಚ್ಚು ಹಿಡಿದುಕೊಂಡು ಬಂದು ಶೆಡ್ಡಿನ ಮುಂದೆ ನಿಂತಳು. ಕಾಫಿ ಆಯಿತಾ ಎಂದು ಕೇಳಲಿಲ್ಲ. “ಬಾಗ್ಲು ತಗೀರಿ, ಎಲ್ಡೂ ಕಡೇದು” ಅಂದಳು. ಪಡುವಣ ಬಾಗಿಲು ತಗಡಿನ ಶೆಡ್ಡು ಕಟ್ಟಿದಾಗಿನಿಂದ ತೆಗೆದಿರಲಿಲ್ಲ, ಹೊಂಬಾಳಮ್ಮನೂ ನಾನೂ ಸೇರಿ ಎಳೆದೆವು. ಒಳಗೆಲ್ಲ ಗಾಳಿ ಬಂತು. ನೆಲದ ಮೇಲಿದ್ದ ಸಿಪ್ಪೆಯ ನಾರು ಎದ್ದು ಹಾರಾಡಿತು.

“ನೂರ್ ಕಾಯಿ ಎಣಿಸಿ ಹಾಕಿ” ಅಂದಳು. ಎಣಿಸಿ ಹಾಕಿದೆ. ಅವ್ವನ ಜಾಗದಲ್ಲೇ ಕೂತು, ಬಾಗಿಲ ಕಡೆ ಮುಖ ಮಾಡಿಕೊಂಡು ಒಡೆದಳು. ಒಂದೊಂದು ಉಂಡೆಯನ್ನೂ ನನ್ನ ಕೈಗೇ ಕೊಟ್ಟಳು, ನಾನೇ ತಿರುಗಿಸಿ ನೋಡಬೇಕು ಎಂದು. ಗಾಳಿ ಬೀಸುತ್ತಲೇ ಇತ್ತು. ಹನ್ನೆರಡು ಗಂಟೆಯೊಳಗೆ ಮುಗಿಯಿತು. ಸೀಳಿದ್ದವನ್ನು ಬೇರೆ ಮಾಡಿದೆ. ಮೂರು.

“ಬಾಗ್ಲು ಮುಚ್ಚಿದ್ದಾಗ ನೂರಕ್ಕೆ ಎಷ್ಟ್ ಸೀಳ್ತಿದ್ವು ಅಮ್ಮಾರೇ?”

ನಾನು ಆ ಮೂರನ್ನೇ ಮತ್ತೆ ತಿರುಗಿಸಿ ನೋಡಿದೆ. ಹೊಂಬಾಳಮ್ಮನೇ ಹೇಳಿದಳು. “ಮೂರೋ ನಾಕೋ ಕಣವ್ವಾ. ಯಾವತ್ತೂ ಅಷ್ಟೇ.”

ಆಶಾ ಎದ್ದು ಸೀರೆಗೆ ಅಂಟಿದ್ದ ಚಿಪ್ಪಿನ ಚೂರು ಕೊಡವಿಕೊಂಡಳು. ಮಚ್ಚನ್ನು ಒರೆಸಿ ಸೆರಗಿಗೆ ಸುತ್ತಿ, ತೆಗೆದಿದ್ದ ಬಾಗಿಲಲ್ಲಿ ಹೊರಟುಹೋದಳು. ಆ ಮೂರು ಉಂಡೆ ಇನ್ನೂ ನನ್ನ ಮುಂದೆ ಇವೆ.

ಗಿರಿಜಾ